ರಾವುತನ ಕತ್ತಿಯನ್ನು ಓದುವುದು: ಬ್ರಿಟಿಷ್ ಅಶ್ವದಳದ ಹಳೆಯ ಖಡ್ಗಗಳನ್ನು ಗುರುತಿಸಲು, ಅಳೆಯಲು ಸಮಗ್ರ ಮಾರ್ಗದರ್ಶಿ

ಹಳೆಯ ಕತ್ತಿಯೊಂದು ಕೈಗೆ ಸಿಕ್ಕರೆ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ, ಅದನ್ನು ತಿಕ್ಕಿ ಹೊಳೆಯಿಸುವುದು. ದಯವಿಟ್ಟು ಮಾಡಬೇಡಿ. ನಾನು ಕೊಂಡ ಮೊದಲ ಕತ್ತಿಗೆ ಒಂದು ಭಾನುವಾರವಿಡೀ ಉಪ್ಪುಕಾಗದ ಹಾಕಿದ್ದೆ. ಸಂಜೆಯ ಹೊತ್ತಿಗೆ ಅಲಗು ಕನ್ನಡಿಯಂತಾಗಿತ್ತು. ಅದರ ಬೆನ್ನಿನ ಮೇಲೆ ಮಾಡಿದವನ ಹೆಸರು ಇತ್ತೆಂಬುದು ತಿಳಿದದ್ದು, ಕೊನೆಯ ಎರಡಕ್ಷರ ಮಾತ್ರ ಉಳಿದ ಮೇಲೆ. ಇನ್ನೂರು ವರ್ಷ ಉಳಿದು ಬಂದ ಹೆಸರನ್ನು ನಾನು ಒಂದೇ ಹಗಲಿನಲ್ಲಿ ಅಳಿಸಿದ್ದೆ. ಆ ನೋವು ಇನ್ನೂ ಹೋಗಿಲ್ಲ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಎಲ್ಲಕ್ಕಿಂತ ಮೊದಲು ಹೇಳುವುದು ಇಷ್ಟೇ: ಕತ್ತಿಯನ್ನು ಮೊದಲು ಓದಿ, ಆಮೇಲೆ ಮುಟ್ಟಿ. ಮನೆಯವರು ಹೇಳುವ ಕಥೆಯನ್ನು ಅದಕ್ಕೂ ಆಮೇಲೆ ಕೇಳಿ.

ಪ್ರಪಂಚದ ಎಲ್ಲ ಅಶ್ವದಳಗಳ ಕತ್ತಿಗಳನ್ನು ಒಂದೇ ಬರಹದಲ್ಲಿ ಹಿಡಿಯಲಾಗದು. ಇಲ್ಲಿ ಬ್ರಿಟಿಷ್ ಮಾದರಿಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ, ಲಂಡನ್ನಿನ ಹರಾಜಿನಲ್ಲಿ, ಅಮೆರಿಕದಲ್ಲಿರುವ ನಮ್ಮವರ ಸಂಗ್ರಹದಲ್ಲಿ ಎದುರಾಗುವ ಸಾಧ್ಯತೆ ಹೆಚ್ಚಿರುವುದು ಅವೇ. ಅಲ್ಲದೆ ಅವುಗಳಿಗೆ ಒಂದು ಕ್ರಮವಿದೆ. ಮೊದಲು ಆಯಾ ದಳದ ಕರ್ನಲ್ ತನಗೆ ಬೇಕಾದ ಕತ್ತಿ ಮಾಡಿಸುತ್ತಿದ್ದ. 1788ರಲ್ಲಿ ಇಡೀ ಅಶ್ವದಳಕ್ಕೆ ಗೊತ್ತಾದ ಮಾದರಿಗಳು ಬಂದವು. ಅಲ್ಲಿಂದ ಮುಂದಕ್ಕೆ ಕತ್ತಿಯ ಆಕಾರ ನೋಡಿಯೇ ಕಾಲ ಹೇಳಬಹುದು.

ಕೆಲವು ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ. ಲೋಹದ ಉದ್ದ ಭಾಗ ಅಲಗು. ಹರಿತವಾದ ಕಡೆ ಬಾಯಿ, ಅದರ ಎದುರಿನದು ಬೆನ್ನು, ತುದಿ ಮೊನೆ. ಅಲಗಿನ ಉದ್ದಕ್ಕೂ ಇರುವ ತಗ್ಗು ತೋಡು. ಅದು ರಕ್ತ ಹರಿಯಲೆಂದು ಮಾಡಿದ ಕಾಲುವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ತೂಕ ಇಳಿಸಿಯೂ ಬಿಗಿ ಉಳಿಸಲು ಮಾಡಿದ್ದು. ಹಿಡಿಯೊಳಗೆ ಹೋಗುವ ಅಲಗಿನ ತುಂಡು ಬಾಲ. ಕೈಯನ್ನು ಕಾಯುವ ಲೋಹದ ಭಾಗ ಕೈಗಾಪು. ಕತ್ತಿ ಕೂರುವ ಮನೆ ಒರೆ.

ಹೆಜ್ಜೆ 1: ಮುಟ್ಟುವ ಮುನ್ನ

ಹತ್ತಿಯ ಕೈಗವಸು ಹಾಕಿಕೊಳ್ಳಿ. ಬೆವರಿನ ಉಪ್ಪು ಉಕ್ಕಿನ ಮೇಲೆ ಬೆರಳಚ್ಚನ್ನೇ ತುಕ್ಕಾಗಿ ಉಳಿಸುತ್ತದೆ. ಒರೆಯನ್ನು ಹಿಡಿಯುವಾಗ ಬೆರಳುಗಳು ಕತ್ತಿಯ ಬಾಯಿ ಇರುವ ಕಡೆಗೆ ಸುತ್ತಿಕೊಳ್ಳದಂತೆ ನೋಡಿಕೊಳ್ಳಿ. ಚರ್ಮದ ಹಳೆಯ ಒರೆಯ ಹೊಲಿಗೆ ಬಿಟ್ಟಿದ್ದರೆ ಅಲಗು ಅದನ್ನು ಸೀಳಿಕೊಂಡು ನೇರ ಕೈಗೆ ಬರುತ್ತದೆ. ಕತ್ತಿ ಒರೆಯಲ್ಲಿ ಕಚ್ಚಿಕೊಂಡಿದ್ದರೆ ಎಳೆದಾಡಬೇಡಿ. ಒರೆಯ ಬಾಯಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಎರಡು ಹನಿ ಬಿಟ್ಟು ಮರುದಿನದವರೆಗೆ ಕಾಯಿರಿ.

ಕಿಟಕಿಯ ಬೆಳಕಿನಲ್ಲಿ ಎರಡೂ ಪಕ್ಕದ ಫೋಟೋ ತೆಗೆಯಿರಿ. ಹಿಡಿ, ಕೈಗಾಪಿನ ಒಳಮೈ, ಅಲಗಿನ ಬೆನ್ನು, ಒರೆಯ ಬಾಯಿ, ಉಂಗುರಗಳು, ಒರೆಯ ಕೆಳತುದಿಯ ಲೋಹ, ಒಂದನ್ನೂ ಬಿಡಬೇಡಿ.

ಹೆಜ್ಜೆ 2: ಅಳತೆ

ಟೇಪು, ವರ್ನಿಯರ್ ಕ್ಯಾಲಿಪರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಇಷ್ಟಿದ್ದರೆ ಸಾಕು.

ಅಲಗಿನ ಉದ್ದವನ್ನು ಕೈಗಾಪಿನಿಂದ ಮೊನೆಯವರೆಗೆ ನೇರ ಗೆರೆಯಲ್ಲಿ ಅಳೆಯಿರಿ, ಬಾಗನ್ನು ಅನುಸರಿಸಬೇಡಿ. ಅಗಲವನ್ನು ಹಿಡಿಯ ಬಳಿ ಒಮ್ಮೆ, ಮೊನೆಯಿಂದ ಒಂದು ಗೇಣು ಹಿಂದೆ ಇನ್ನೊಮ್ಮೆ. ಒರೆಯಿಲ್ಲದೆ ತೂಕ ನೋಡಿ. ಬೆರಳ ಮೇಲೆ ಅಲಗನ್ನು ಅಡ್ಡ ಇಟ್ಟು ಅದು ತೂಗಿ ನಿಲ್ಲುವ ಜಾಗ ಕೈಗಾಪಿನಿಂದ ಎಷ್ಟು ದೂರ ಎಂದು ಗುರುತಿಸಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬೆನ್ನಿನ ದಪ್ಪ. ಕ್ಯಾಲಿಪರನ್ನು ಹಿಡಿಯ ಬಳಿ, ನಡುವಿನಲ್ಲಿ, ಮೊನೆಯ ಹತ್ತಿರ ಹೀಗೆ ಮೂರು ಕಡೆ ಇಡಿ. 1796ರ ಹಗುರ ಅಶ್ವದಳದ (ಲೈಟ್ ಕ್ಯಾವಲ್ರಿ, ಚುರುಕು ಓಟದ ರಾವುತರ ದಳ) ಅಸಲಿ ಕತ್ತಿಯಲ್ಲಿ ಹಿಡಿಯ ಬಳಿ 8ರಿಂದ 9 ಮಿ.ಮೀ. ಇರುವ ಬೆನ್ನು ಮೊನೆಯ ಹತ್ತಿರ 2 ಅಥವಾ 3 ಮಿ.ಮೀ.ಗೆ ಇಳಿದಿರುತ್ತದೆ. ಕಮ್ಮಾರನ ವಿದ್ಯೆ ಇರುವುದೇ ಈ ಇಳಿಕೆಯಲ್ಲಿ. ಹಿಡಿಯ ಬಳಿ ಗಟ್ಟಿ, ತುದಿಯಲ್ಲಿ ತೆಳು. ಅದಕ್ಕೇ ಬೀಸಿದಾಗ ಕತ್ತಿ ತಾನಾಗಿ ಓಡಿದಂತೆ ಭಾಸವಾಗುತ್ತದೆ. ಅಲಂಕಾರಕ್ಕೆಂದು ತಯಾರಾಗುವ ಅಗ್ಗದ ಪ್ರತಿಕೃತಿಗಳನ್ನು ಸಮದಪ್ಪದ ಉಕ್ಕಿನ ಪಟ್ಟಿಯಿಂದ ಕತ್ತರಿಸುತ್ತಾರೆ. ಅವು ಮೊದಲಿಂದ ಕೊನೆವರೆಗೆ 5 ಮಿ.ಮೀ. ಆಸುಪಾಸಿನಲ್ಲೇ ಇರುತ್ತವೆ. ನನಗೆ ಒಂದೇ ಒಂದು ಪರೀಕ್ಷೆ ಮಾಡಲು ಬಿಟ್ಟರೆ ಇದನ್ನೇ ಮಾಡುತ್ತೇನೆ.

ಹೆಜ್ಜೆ 3: ಇದು ಅಶ್ವದಳದ್ದೇ?

ಹರಾಜಿನ ಪಟ್ಟಿಗಳಲ್ಲಿ ‘ಕ್ಯಾವಲ್ರಿ ಸ್ವೋರ್ಡ್’ ಎಂದು ಹಾಕಿದ್ದೆಲ್ಲ ಕುದುರೆಯ ಮೇಲಿದ್ದವನದಲ್ಲ. ಕಾಲಾಳು ಅಧಿಕಾರಿಗಳ ಕತ್ತಿಗಳು ಸಂಖ್ಯೆಯಲ್ಲಿ ಬಹಳ. ಒಂದು ಸುಲಭ ಗುರುತು ಹೇಳುತ್ತೇನೆ. ಕೈಗಾಪಿನ ಲೋಹದಲ್ಲೇ ದೊರೆಯ ಹೆಸರಿನ ಅಕ್ಷರಗಳೂ ಕಿರೀಟವೂ ಮೂಡಿದ್ದರೆ ಅದು ಬಹುಮಟ್ಟಿಗೆ ಕಾಲಾಳು ಅಧಿಕಾರಿಯ ಖಡ್ಗ. 1822ರ ಮಾದರಿಯಿಂದ 1897ರ ಮಾದರಿಯವರೆಗೆ ಈ ಪದ್ಧತಿ ನಡೆದು ಬಂತು. ಅಶ್ವದಳದ ಅಧಿಕಾರಿಗಳ ಕತ್ತಿಯಲ್ಲಿ ಆ ಅಕ್ಷರಗಳು ಅಲಗಿನ ಮೇಲೆ ಇರುತ್ತವೆ.

ಮೂರು ಸರಳಿನ ಕೈಗಾಪು ಕಂಡರೆ ಇನ್ನೊಂದು ಎಚ್ಚರ. ಹಗುರ ಅಶ್ವದಳದ ಅಧಿಕಾರಿಗಳ 1821ರ ಮಾದರಿಯನ್ನು ಫಿರಂಗಿ ದಳದ, ಅಂದರೆ ರಾಯಲ್ ಆರ್ಟಿಲರಿಯ ಅಧಿಕಾರಿಗಳೂ ತಮ್ಮದಾಗಿಸಿಕೊಂಡರು. ಅಲಗಿನ ಮೇಲೆ ತೋಪಿನ ಚಿತ್ರವಿದೆಯೇ ನೋಡಿ. ‘ಫಿರಂಗಿ’ ಎಂದಾಗ ಇನ್ನೊಂದು ಮಾತು ನೆನಪಾಯಿತು. ಕನ್ನಡದಲ್ಲಿ ಅದು ತೋಪು. ಕತ್ತಿ ಸಂಗ್ರಹಕಾರರ ಬಾಯಲ್ಲಿ ಅದೇ ಪದ ಯುರೋಪಿನ ನೇರ ಅಲಗಿಗೆ ನಮ್ಮ ನೆಲದ ಹಿಡಿ ಕೂಡಿಸಿದ ಕತ್ತಿಗೆ ಹೆಸರು. ಪಟ್ಟಿ ಓದುವಾಗ ಗೊಂದಲವಾಗದಿರಲಿ.

ಹೆಜ್ಜೆ 4: ಯಾವ ಮಾದರಿ

ನನಗೆ ಅತಿ ಪ್ರಿಯವಾದದ್ದು 1796ರ ಹಗುರ ಅಶ್ವದಳದ ಮಾದರಿ. 1793–95ರ ಫ್ಲಾಂಡರ್ಸ್ ಕದನಗಳಲ್ಲಿ ಬ್ರಿಟಿಷ್ ರಾವುತರು ಹಿಡಿದಿದ್ದ ಕತ್ತಿ ಎಷ್ಟು ಒಡ್ಡಾಗಿತ್ತೆಂದರೆ ಸವಾರರು ಬೀಸುವ ಭರದಲ್ಲಿ ತಮ್ಮ ಕುದುರೆಗಳನ್ನೇ ಗಾಯಗೊಳಿಸುತ್ತಿದ್ದರು. ಇದನ್ನು ಕಣ್ಣಾರೆ ಕಂಡ ಅಧಿಕಾರಿ ಜಾನ್ ಗ್ಯಾಸ್ಪರ್ಡ್ ಲೆ ಮಾರ್ಚಂಟ್, ಬರ್ಮಿಂಗ್‌ಹ್ಯಾಮಿನ ಕತ್ತಿಗಾರ ಹೆನ್ರಿ ಓಸ್ಬಾರ್ನ್ ಜೊತೆ ಸೇರಿ ಹೊಸ ಕತ್ತಿಯನ್ನು ರೂಪಿಸಿದ. ಲೆ ಮಾರ್ಚಂಟ್ ಮುಂದೆ 1812ರಲ್ಲಿ ಸಲಮಾಂಕ ಕದನದಲ್ಲಿ ಅಶ್ವದಳದ ದಾಳಿಯನ್ನು ಮುನ್ನಡೆಸುತ್ತಲೇ ಮಡಿದ.

ಈ ಕತ್ತಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಅಲಗು ಚೆನ್ನಾಗಿ ಬಾಗಿದ್ದು, ಉದ್ದ ಸುಮಾರು 83 ಸೆಂ.ಮೀ. ಮೊನೆಯ ಕಡೆಗೆ ಕಿರಿದಾಗುವ ಬದಲು ತುಸು ಅಗಲವಾಗುತ್ತದೆ, ಮೊನೆ ಕೊಡಲಿಯ ಬಾಯಿಯಂತೆ ತಟ್ಟನೆ ಮುಗಿಯುತ್ತದೆ. ಪ್ರತಿ ಪಕ್ಕದಲ್ಲೂ ಒಂದೇ ಅಗಲವಾದ ತೋಡು. ಕೈಗಾಪು ಕುದುರೆಯ ರಿಕಾಪಿನ ಆಕಾರದ ಒಂದೇ ಸರಳು. ಸಿಪಾಯಿಯ ಕತ್ತಿಯಲ್ಲಿ ಹಿಡಿಯ ಹಿಂಬದಿಯ ಉಕ್ಕಿನ ಪಟ್ಟಿಯಿಂದ ಎರಡು ಕಿವಿಗಳು ಇಳಿದಿರುತ್ತವೆ, ಅವುಗಳ ಮೂಲಕ ಒಂದು ಮೊಳೆ ಬಾಲವನ್ನು ದಾಟಿ ಹೋಗುತ್ತದೆ. ಹಿಡಿಗೆ ಮರದ ಮೇಲೆ ಚರ್ಮ. ತೂಕ ಹೆಚ್ಚೂಕಡಿಮೆ 900 ಗ್ರಾಂನಿಂದ 1 ಕೆ.ಜಿ. ಅಧಿಕಾರಿಗಳದ್ದಾದರೆ ಮೀನಿನ ಒರಟು ಚರ್ಮದ ಹಿಡಿ, ಅದರ ಮೇಲೆ ಸುತ್ತಿದ ತಂತಿ, ಕೆಲವದರಲ್ಲಿ ಅಲಗಿಗೆ ನೀಲಿ ಬಣ್ಣ ಹಾಗೂ ಚಿನ್ನದ ಲೇಪದ ಚಿತ್ತಾರ.

ಇದರ ಅವಳಿಯಂತೆ ಕಾಣುವುದು ಹಳೆಯ ಜರ್ಮನ್ ರಾಜ್ಯವಾದ ಪ್ರಷ್ಯಾದ 1811ರ ಮಾದರಿ. ಬ್ರಿಟಿಷರದ್ದನ್ನೇ ನೋಡಿ ಮಾಡಿದ್ದು, ಆದರೆ ಕೈಗಾಪು ದಪ್ಪ, ಒಟ್ಟಾರೆ ಭಾರ. ಬೆನ್ನಿನ ಮೇಲೆ ಕಿರೀಟ, ‘ಎಫ್.ಡಬ್ಲ್ಯೂ.’ ಅಕ್ಷರಗಳು (ಅಲ್ಲಿನ ದೊರೆ ಫ್ರೀಡ್ರಿಶ್ ವಿಲ್ಹೆಲ್ಮ್‌ನ ಹೆಸರು), ಇಸವಿ ಕಂಡರೆ ಅದು ಪ್ರಷ್ಯಾದ್ದು.

ಅದೇ 1796ರ ಭಾರಿ ಅಶ್ವದಳದ (ದೊಡ್ಡ ಕುದುರೆಗಳ ಮೇಲೆ ನೇರ ನುಗ್ಗುವ ದಳ) ಕತ್ತಿ ನೇರ ಅಲಗಿನದು, ಸುಮಾರು 89 ಸೆಂ.ಮೀ., ಕೈಗಾಪು ತೂತುಗಳಿರುವ ತಟ್ಟೆಯಂತಿದೆ. ವಾಟರ್‌ಲೂ ಕದನದಲ್ಲಿ ಸ್ಕಾಟ್ಸ್ ಗ್ರೇಸ್ ದಳ ಹಿಡಿದಿದ್ದು ಇದನ್ನೇ. ಮೂಲದಲ್ಲಿ ಇದಕ್ಕೂ ಕೊಡಲಿ ಮೊನೆ. ಆ ಕದನಕ್ಕೆ ಮುಂಚೆ ಅನೇಕ ಕತ್ತಿಗಳ ಮೊನೆಯನ್ನು ಈಟಿಯಂತೆ ಚೂಪಾಗಿ ಉಜ್ಜಿಸಿದರು. ಹಾಗಾಗಿ ಚೂಪು ಮೊನೆ ಕಂಡ ತಕ್ಷಣ ‘ಯಾರೋ ಕೆಡಿಸಿದ್ದಾರೆ’ ಎಂದು ತಳ್ಳಿಹಾಕಬೇಡಿ.

ನಡುವಿನ ಮಾದರಿಗಳನ್ನು ಬೇಗ ದಾಟುತ್ತೇನೆ. 1821ರದ್ದಕ್ಕೆ ಮೂರು ಸರಳಿನ ಕೈಗಾಪು, ಸ್ವಲ್ಪವೇ ಬಾಗಿದ ಅಲಗು, ಈಟಿ ಮೊನೆ. ಅದರ ಅಧಿಕಾರಿ ಕತ್ತಿಗಳಲ್ಲಿ 1840ರ ದಶಕದ ನಡುವಿನವರೆಗೆ ಬೆನ್ನು ಕೊಳವೆಯಂತೆ ಉರುಟು, ಆಮೇಲೆ ತೋಡಿನ ಅಲಗು ಬಂತು. 1853ರದ್ದನ್ನು ಹಿಡಿ ನೋಡಿಯೇ ಗುರುತಿಸಬಹುದು: ಬಾಲ ಹಿಡಿಯಷ್ಟೇ ಅಗಲ, ಎರಡೂ ಪಕ್ಕ ಗೀರುಗೆರೆಗಳ ಚರ್ಮದ ಹಲ್ಲೆಗಳನ್ನು ಮೊಳೆ ಹೊಡೆದು ಕೂರಿಸಿದ್ದಾರೆ, ನಮ್ಮ ಅಡುಗೆಮನೆಯ ಚಾಕುವಿನ ಹಿಡಿಯ ಹಾಗೆ. 1854ರ ಕ್ರಿಮಿಯಾ ಯುದ್ಧದಲ್ಲಿ ಇದೂ ಇತ್ತು, ಹಳೆಯ 1821ರದ್ದೂ ಇತ್ತು. 1864ರಲ್ಲಿ ಸರಳುಗಳ ಬದಲು ಬೋಗುಣಿಯಂಥ ತಗಡಿನ ಕೈಗಾಪು ಬಂತು, ಅದರಲ್ಲಿ ಮಾಲ್ಟೀಸ್ ಶಿಲುಬೆಯ, ಅಂದರೆ ತುದಿ ಅಗಲವಾದ ನಾಲ್ಕು ತೋಳಿನ ಶಿಲುಬೆಯ ಆಕಾರದ ತೂತು. 1882, 1885, 1890, 1899ರ ಮಾದರಿಗಳು ಇದೇ ದಾರಿಯ ತಿದ್ದುಪಡಿಗಳು. ಅವುಗಳನ್ನು ಬೇರ್ಪಡಿಸಲು ಆಕಾರಕ್ಕಿಂತ ಮುದ್ರೆಗಳೇ ನಂಬಿಕೆಗೆ ಅರ್ಹ.

ಕೊನೆಗೆ 1908ರ ಮಾದರಿ. ಕಡಿಯುವುದೋ ಇರಿಯುವುದೋ ಎಂಬ ನೂರು ವರ್ಷದ ಜಗಳವನ್ನು ಇದು ಇರಿತದ ಪರವಾಗಿ ಮುಗಿಸಿತು. ಅಲಗು ನೇರ, ಕಿರಿದು, ಸುಮಾರು 90 ಸೆಂ.ಮೀ.; ಕೈಯನ್ನು ಪೂರ್ತಿ ಮುಚ್ಚುವ ದೊಡ್ಡ ಬೋಗುಣಿ; ಪಿಸ್ತೂಲಿನ ಹಿಡಿಯಂತೆ ಓರೆಯಾದ, ಹೆಬ್ಬೆರಳಿಗೆ ಗುಳಿ ಇರುವ ಹಿಡಿ. ಕೈ ಮುಂದಕ್ಕೆ ಚಾಚಿದರೆ ಮೊನೆ ತಾನಾಗಿ ಗುರಿಯ ನೇರಕ್ಕೆ ಬರುತ್ತದೆ. ತೂಕ ಸುಮಾರು 1.35 ಕೆ.ಜಿ. ಅಧಿಕಾರಿಗಳಿಗೆ ಇದರದೇ ಚಿತ್ತಾರದ ರೂಪ 1912ರಲ್ಲಿ ಬಂತು. ಭಾರತೀಯ ದಳಗಳಿಗೆ ಹಿಡಿಯನ್ನು ಸಣ್ಣದು ಮಾಡಿ ಕೊಟ್ಟರು. ಅಂಥವುಗಳ ಕೈಗಾಪಿನ ಮೇಲೆ ‘ಐ.ಪಿ. 08’ (ಇಂಡಿಯನ್ ಪ್ಯಾಟರ್ನ್, ಅಂದರೆ ಭಾರತೀಯ ಮಾದರಿ) ಎಂಬ ಮುದ್ರೆ ಹುಡುಕಿ.

ಹೆಜ್ಜೆ 5: ಮುದ್ರೆಗಳು

ಕೋಣೆಯ ದೀಪ ಆರಿಸಿ. ಮೊಬೈಲಿನ ಟಾರ್ಚನ್ನು ಅಲಗಿಗೆ ಹೆಚ್ಚೂಕಡಿಮೆ ತಾಗುವಂತೆ ಓರೆಯಾಗಿ ಹಿಡಿದು ಬೆನ್ನಿನ ಮೇಲೆ ಹಿಡಿಯಿಂದ ಒಂದು ಗೇಣಿನಷ್ಟು ನಿಧಾನವಾಗಿ ಸರಿಸಿ. ಹಗಲಿನಲ್ಲಿ ಬರೀ ತುಕ್ಕಾಗಿ ಕಂಡ ಜಾಗದಲ್ಲಿ ಅಕ್ಷರಗಳ ನೆರಳು ಏಳುತ್ತದೆ. 1796ರ ಕತ್ತಿಗಳಲ್ಲಿ ಓಸ್ಬಾರ್ನ್, ಗಿಲ್, ವೂಲಿ, ಕ್ರೇವನ್, ಹ್ಯಾಡ್ಲಿ, ಡಾಸ್ ಮೊದಲಾದ ಹೆಸರುಗಳು ಅಲ್ಲೇ ಸಿಗುತ್ತವೆ. ‘ಜೆ. ಜೆ. ರಂಕೆಲ್, ಸೋಲಿಂಗೆನ್’ ಎಂದಿದ್ದರೆ ಅದು ಜರ್ಮನಿಯ ಸೋಲಿಂಗೆನ್‌ನಿಂದ ಇಂಗ್ಲೆಂಡಿಗೆ ತರಿಸಿ ಮಾರಿದ ಅಲಗು.

ಆಮೇಲೆ ಹಿಡಿಯ ಬುಡದಲ್ಲಿ, ಹರಿತವಿಲ್ಲದ ಭಾಗವನ್ನು ನೋಡಿ. ಸಣ್ಣ ಕಿರೀಟದ ಕೆಳಗೆ ಒಂದು ಅಂಕಿ ಇದ್ದರೆ ಅದು ಸರ್ಕಾರಿ ಪರೀಕ್ಷಕನ ಒಪ್ಪಿಗೆ. ಮುಂದಿನ ಕಾಲದವುಗಳಲ್ಲಿ ಅಂಕಿಯ ಜೊತೆ ‘ಇ’ ಇದ್ದರೆ ಪರೀಕ್ಷೆ ನಡೆದದ್ದು ಎನ್‌ಫೀಲ್ಡಿನಲ್ಲಿ, ‘ಬಿ’ ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ. ಮೂರು ಗೆರೆಯ ಬಾಣದ ಗುರುತು ಸರ್ಕಾರದ ಸೊತ್ತು ಎಂಬುದಕ್ಕೆ. ಆ ಬಾಣದ ಕೆಳಗೆ ‘ಐ’ ಇದ್ದರೆ ಭಾರತ ಸರ್ಕಾರದ್ದು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸೇನೆ ಅದನ್ನು ಕಾನೂನುಬದ್ಧವಾಗಿ ಮಾರಿಬಿಟ್ಟಿದೆ.

ಕೈಗಾಪಿನ ಮೇಲೂ ಒರೆಯ ಮೇಲೂ ದಳದ ಗುರುತು ಕೊರೆದಿರಬಹುದು. ‘ಎಚ್’ ಎಂದರೆ ಹುಸಾರ್, ‘ಎಲ್’ ಎಂದರೆ ಲಾನ್ಸರ್, ‘ಡಿ.ಜಿ.’ ಎಂದರೆ ಡ್ರಗೂನ್ ಗಾರ್ಡ್ಸ್; ಇವೆಲ್ಲ ಅಶ್ವದಳದ ಬಗೆಗಳ ಹೆಸರು. ಅಕ್ಷರದ ಜೊತೆಗಿರುವ ಅಂಕಿ ದಳದ್ದು, ಬಿಡಿಯಾಗಿರುವ ಅಂಕಿ ಆ ಆಯುಧದ್ದು. ಕತ್ತಿಯ ಅಂಕಿಯೂ ಒರೆಯ ಅಂಕಿಯೂ ಒಂದೇ ಆಗಿದ್ದರೆ ನಿಮ್ಮ ಅದೃಷ್ಟ ದೊಡ್ಡದು.

ಅಧಿಕಾರಿಗಳ ಅಲಗಿನ ಮೇಲಿನ ರಾಜಮುದ್ರೆ ಕಾಲವನ್ನು ಇನ್ನಷ್ಟು ಬಿಗಿಮಾಡುತ್ತದೆ. ‘ವಿ.ಆರ್.’ ಎಂದರೆ ವಿಕ್ಟೋರಿಯಾ ರಾಣಿ, 1837ರಿಂದ 1901; ‘ಇ.ಆರ್.’ ಜೊತೆ ರೋಮನ್ ಏಳು ಇದ್ದರೆ ಏಳನೇ ಎಡ್ವರ್ಡ್, 1901–1910; ‘ಜಿ.ಆರ್.’ ಜೊತೆ ಐದು ಇದ್ದರೆ ಐದನೇ ಜಾರ್ಜ್, 1910–1936. ಬರೀ ‘ಜಿ.ಆರ್.’ ಕಂಡರೆ ಕಣ್ಮುಚ್ಚಿ ಮೂರನೇ ಜಾರ್ಜ್ ಎನ್ನಬೇಡಿ. ಕತ್ತಿಯ ಮಾದರಿಯ ಜೊತೆ ಇಟ್ಟು ನೋಡಿ. ಅಶೋಕ ಸ್ತಂಭದ ಸಿಂಹಗಳಿದ್ದರೆ ಅದು ಗಣರಾಜ್ಯ ಭಾರತದ ಕತ್ತಿ, ಯಾರು ಏನೇ ಹೇಳಲಿ.

ಲಂಡನ್ನಿನ ಕತ್ತಿ ತಯಾರಕರಾದ ವಿಲ್ಕಿನ್ಸನ್ ಕಂಪನಿಯ ಅಲಗಿನಲ್ಲಿ ಹಿಡಿಯ ಹತ್ತಿರ ಸಣ್ಣ ಲೋಹದ ಬಿಲ್ಲೆ, ಅದರ ಸುತ್ತ ಆರು ಮೂಲೆಯ ನಕ್ಷತ್ರ ಇರುತ್ತದೆ. ಇದನ್ನು ಯಹೂದಿ ನಕ್ಷತ್ರವೆಂದೋ ಪೂಜೆಯ ಯಂತ್ರದ ರೇಖೆಯೆಂದೋ ಅರ್ಥ ಮಾಡಿದವರನ್ನು ನೋಡಿದ್ದೇನೆ. ಅದು ಅಲಗು ಪರೀಕ್ಷೆಯಲ್ಲಿ ಗೆದ್ದಿದೆ ಎಂಬ ಗುರುತು, ಬೇರೆ ತಯಾರಕರೂ ಅದನ್ನು ಬಳಸಿದ್ದಾರೆ. ಬೆನ್ನಿನ ಮೇಲೆ ಅಂಕಿಯಿದ್ದರೆ ತಪ್ಪದೆ ಬರೆದಿಟ್ಟುಕೊಳ್ಳಿ. 1854ರಿಂದ ವಿಲ್ಕಿನ್ಸನ್ನಿನವರು ಅಧಿಕಾರಿಗಳ ಕತ್ತಿಗಳಿಗೆ ಕ್ರಮಸಂಖ್ಯೆ ಹಾಕಿ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆ ಪುಸ್ತಕಗಳು ಉಳಿದಿವೆ. ಎಷ್ಟೋ ಸಲ ಕೊಂಡ ಅಧಿಕಾರಿಯ ಹೆಸರೂ ಅದರಿಂದ ಸಿಗುತ್ತದೆ.

ಹೆಜ್ಜೆ 6: ಅಸಲಿಯೋ, ಪ್ರತಿಕೃತಿಯೋ

ಪ್ರತಿಕೃತಿ ಮಾಡುವುದು ತಪ್ಪಲ್ಲ. ಡೆಹ್ರಾಡೂನಿನಲ್ಲಿ ಅದು ಪ್ರಾಮಾಣಿಕ ಉದ್ಯಮ. ಅದನ್ನು ಮಧ್ಯವರ್ತಿಗಳು ಹಳೆಯದೆಂದು ಮಾರಿದಾಗ ಮೋಸವಾಗುತ್ತದೆ. ಅಂಥವರು ಮೊದಲು ಮಾಡುವ ಕೆಲಸ, ‘ಇಂಡಿಯಾ’ ಎಂದು ಒತ್ತಿದ ಮುದ್ರೆಯನ್ನು ಅರೆದು ತೆಗೆಯುವುದು. ಹಿಡಿಯ ಬುಡದಲ್ಲಿ ಬೆರಳಾಡಿಸಿ. ಸುತ್ತಲಿಗಿಂತ ತುಸು ತಗ್ಗಾದ, ನುಣುಪಾದ ಚಿಕ್ಕ ಜಾಗ ಬೆರಳಿಗೆ ಸಿಕ್ಕರೆ ಕೈ ಹಿಂದೆಗೆಯಿರಿ.

ಹಿಡಿಯ ತುದಿಯಲ್ಲಿ ಬಾಲ ಹೇಗೆ ಮುಗಿದಿದೆ ಎಂದೂ ನೋಡಿ. 1796ರ ಕತ್ತಿಯಲ್ಲಿ ಬಾಲದ ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿರುತ್ತಾರೆ. ಅಲ್ಲಿ ಸ್ಪ್ಯಾನರ್ ಹಾಕುವ ನಟ್ಟು ಕಂಡರೆ ಅದು ನಮ್ಮ ಕಾಲದ್ದು. ಹಿತ್ತಾಳೆಯ ಭಾಗಗಳಲ್ಲಿ ಎರಕದ ಅಚ್ಚಿನ ಗೆರೆ, ಸೂಜಿಮೊನೆಯಂಥ ಗುಳಿಗಳು ಉಳಿದಿದ್ದರೂ ಅನುಮಾನಿಸಬೇಕು. 1796ರ ಸಿಪಾಯಿಯ ಕತ್ತಿಯ ಹಿಡಿಯ ಲೋಹ ಕಬ್ಬಿಣ, ಹಿತ್ತಾಳೆಯಲ್ಲ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ.

ತುಕ್ಕಿಗೂ ಸ್ವಭಾವವಿದೆ. ಹಳೆಯ ತುಕ್ಕು ಕಂದುಗಪ್ಪು, ಗಟ್ಟಿ, ಹಬ್ಬಿದ್ದು ಅಸಮ. ಒರೆಯ ಬಾಯಿಯ ಬಳಿ ನೀರು ಇಳಿದ ಕಡೆ ಹೆಚ್ಚು, ಕೈಗಾಪಿನ ಅಡಿಯಲ್ಲಿ ಗಾಳಿ ತಾಗದ ಕಡೆ ಕಡಿಮೆ. ಆಮ್ಲ ಬಳಿದು ಎಬ್ಬಿಸಿದ ತುಕ್ಕು ಕಿತ್ತಳೆ ಬಣ್ಣದ್ದು, ಎಲ್ಲ ಕಡೆ ಒಂದೇ ಸಮ, ಬಟ್ಟೆಗೆ ಹತ್ತುತ್ತದೆ.

ಹೆಜ್ಜೆ 7: ಸ್ಥಿತಿ

ಅಲಗನ್ನು ಕಣ್ಣಿನ ನೇರಕ್ಕೆ ಹಿಡಿದು ಬಿಲ್ಲುಗಾರ ಬಾಣ ನೋಡುವ ಹಾಗೆ ಉದ್ದಕ್ಕೆ ನೋಡಿ. ತಿರುಚು, ಡೊಂಕು ತಿಳಿಯುತ್ತದೆ. ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಗಂಟೆಯಂತೆ ನಿಂತು ಮೊಳಗಿದರೆ ಒಳ್ಳೆಯದು. ಸದ್ದು ತಟ್ಟನೆ ಸತ್ತರೆ ಬಿರುಕಿರಬಹುದು, ಅಥವಾ ಹಿಡಿ ಸಡಿಲವಾಗಿರಬಹುದು. ತೋಡಿನ ಅಂಚು, ಹಿಡಿಯ ಬುಡ ಇವೆರಡನ್ನೂ ಭೂತಗನ್ನಡಿಯಲ್ಲಿ ನೋಡಿ, ಬಿರುಕು ಹುಟ್ಟುವುದು ಅಲ್ಲೇ.

ಬಾಯಿ ಹರಿತವಾಗಿದೆಯೇ? ಸೇನೆ ಯುದ್ಧಕ್ಕೆ ಹೊರಡುವಾಗ ಕತ್ತಿಗಳನ್ನು ಸಾಣೆ ಹಿಡಿಸುತ್ತಿದ್ದರು. ಹಳೆಯ ಸಾಣೆಯ ಗುರುತು ಇದ್ದರೆ ಅದು ಕತ್ತಿಯ ಜೀವನದ ಭಾಗ, ದೋಷವಲ್ಲ. ನೀವು ಮಾತ್ರ ಸಾಣೆ ಹಿಡಿಸಬೇಡಿ. ಬಾಯಿಯ ಮೇಲಿನ ಕಚ್ಚುಗಳನ್ನು ಕಂಡು ‘ಯುದ್ಧದ ಗಾಯ’ ಎನ್ನುವ ಮುನ್ನ ಅವುಗಳ ಸಾಲು ನೋಡಿ. ಒಂದೇ ಅಂತರದಲ್ಲಿ ಹತ್ತಾರು ಇದ್ದರೆ, ಅದು ಮಕ್ಕಳು ಎರಡು ಕತ್ತಿ ಹಿಡಿದು ಅಂಗಳದಲ್ಲಿ ಆಡಿದ ಗುರುತು.

ಅಧಿಕಾರಿಗಳ ಕತ್ತಿಯಾದರೆ ಅಲಗಿನ ಚಿತ್ತಾರ ಎಷ್ಟು ಉಳಿದಿದೆ, ಹಿಡಿಯ ತಂತಿ ಪೂರ್ತಿ ಇದೆಯೇ ಎಂಬುದೇ ಬೆಲೆ ನಿರ್ಧರಿಸುತ್ತದೆ. ಒರೆಯಲ್ಲಿ ನೆಗ್ಗು ಇದ್ದರೆ ಬಡಿದು ತೆಗೆಸಲು ಹೋಗಬೇಡಿ. ಒಳಗಿನ ಮರದ ಪಟ್ಟಿಗಳು ಮುರಿಯುತ್ತವೆ.

ಹೆಜ್ಜೆ 8: ಅಲಗು ಅವರದು, ಹಿಡಿ ನಮ್ಮದು

ನಮ್ಮ ನೆಲದಲ್ಲಿ ಸಿಗುವ ಕತ್ತಿಗಳಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇವುಗಳ ಮೇಲೆ. ಬ್ರಿಟಿಷ್ ಸೇನೆ ಕೈಬಿಟ್ಟ ಅಲಗುಗಳು ಭಾರತದ ರಾವುತರ ಕೈ ಸೇರಿದವು. ಬ್ರಿಟಿಷ್ ಅಶ್ವದಳದ ಅಧಿಕಾರಿ ಕ್ಯಾಪ್ಟನ್ ಲೂಯಿಸ್ ನೋಲನ್ ಇದನ್ನು ದಾಖಲಿಸಿದ್ದಾನೆ. ಹೈದರಾಬಾದ್ ನಿಜಾಮನ ಸೀಮೆಯ ಸವಾರರು ಭಯಂಕರವಾಗಿ ಕಡಿಯುತ್ತಿದ್ದುದನ್ನು ಕೇಳಿ, ಅದೆಂಥ ಕತ್ತಿಯೆಂದು ವಿಚಾರಿಸಿದರೆ, ಅವು ಇಂಗ್ಲಿಷ್ ಡ್ರಗೂನರ ಹಳೆಯ ಅಲಗುಗಳೇ! ಹಿಡಿ ಬದಲಾಯಿಸಿ, ಕೂದಲು ಸೀಳುವಷ್ಟು ಹರಿತ ಮಾಡಿ, ಮರದ ಒರೆಯಲ್ಲಿಟ್ಟು, ಕಾಳಗಕ್ಕೆ ಹೊರತು ಹೊರಗೆಳೆಯದೆ ಕಾಪಾಡಿದ್ದರು. ಅದೇ ಅಲಗನ್ನು ಇಂಗ್ಲಿಷ್ ಸಿಪಾಯಿ ಉಕ್ಕಿನ ಒರೆಯೊಳಗೆ ತಿಕ್ಕಿ ತಿಕ್ಕಿ ಮೊಂಡು ಮಾಡಿಕೊಳ್ಳುತ್ತಿದ್ದ. ನೋಲನ್ 1854ರ ಅಕ್ಟೋಬರ್ 25ರಂದು ಬಾಲಕ್ಲಾವದಲ್ಲಿ, ಹಗುರ ದಳದ ಆ ಪ್ರಸಿದ್ಧ ದಾಳಿಯ ಆರಂಭದಲ್ಲೇ ಸತ್ತ.

ಶ್ರೀರಂಗಪಟ್ಟಣದ ಕಡೆಯ ಪರಿಚಿತರ ಮನೆಯಲ್ಲಿ ‘ಟಿಪ್ಪು ಕಾಲದ್ದು’ ಎಂದು ಪೂಜಿಸಿಕೊಂಡು ಬಂದ ಕತ್ತಿಯೊಂದನ್ನು ನೋಡಲು ಕರೆದಿದ್ದರು. ಹಿಡಿ ತಲವಾರಿನದು: ಕಬ್ಬಿಣ, ತುದಿಯಲ್ಲಿ ದುಂಡು ಬಿಲ್ಲೆ, ಕೈ ಒಳಗೆ ಬಿಗಿಯಾಗಿ ಕೂರುವ ಗಾತ್ರ. ಅಲಗು ನೋಡಿದಾಗ ನನಗೆ ಅನುಮಾನ ಬಂತು. ಅದು ತುದಿಯ ಕಡೆಗೆ ಅಗಲವಾಗುತ್ತಿತ್ತು. ಕ್ಯಾಲಿಪರ್ ಇಟ್ಟೆ. ಹಿಡಿಯ ಬಳಿ 8.4, ನಡುವೆ 5.1, ಮೊನೆಯ ಹತ್ತಿರ 2.3 ಮಿ.ಮೀ. ಉದ್ದ 82 ಸೆಂ.ಮೀ. ಹಿಡಿಗೂ ಅಲಗಿಗೂ ನಡುವಿನ ಸಂದಿಯಲ್ಲಿ ಕಂದು ಬಣ್ಣದ ಒಡಕಲು ಪದಾರ್ಥ ಕಂಡಿತು, ಅದು ಅರಗು. ಯುರೋಪಿನವರು ಬಾಲವನ್ನು ಬಡಿದು ಕೂರಿಸುತ್ತಾರೆ, ನಮ್ಮವರು ಟೊಳ್ಳು ಹಿಡಿಯೊಳಗೆ ಅರಗನ್ನು ಕಾಯಿಸಿ ತುಂಬಿ ಕೂರಿಸುತ್ತಾರೆ. (ಅದಕ್ಕೇ ತಲವಾರನ್ನು ಸುಡುಬಿಸಿಲಲ್ಲಿ ಇಡಬಾರದು. ಅರಗು ಮೆತ್ತಗಾದರೆ ಹಿಡಿ ಸಡಿಲುತ್ತದೆ.)

ದೀಪ ಆರಿಸಿ ಟಾರ್ಚು ಓರೆ ಹಿಡಿದೆ. ಮನೆಯ ಅಜ್ಜಿ, ಮೊಮ್ಮಕ್ಕಳು ಸುತ್ತ ಬಗ್ಗಿ ನಿಂತಿದ್ದರು. ಬೆನ್ನಿನ ಮೇಲೆ ಮೊದಲು ಒಂದು ‘ಡಿ’ ಕಂಡಿತು, ಆಮೇಲೆ ‘ಎ’, ಸವೆದ ‘ಡಬ್ಲ್ಯೂ’, ಕೊನೆಗೆ ‘ಬಿ-ಐ-ಆರ್-ಎಂ’. ಡಾಸ್, ಬರ್ಮಿಂಗ್‌ಹ್ಯಾಮ್. 1796ರ ಮಾದರಿಯ ಅಲಗು. ಟಿಪ್ಪು 1799ರ ಮೇ 4ರಂದು ಮಡಿದ. ಆ ಮುತ್ತಿಗೆಗೆ ಬಂದ ಸೇನೆಯಲ್ಲಿ ಬ್ರಿಟಿಷ್ ಡ್ರಗೂನರೂ ಇದ್ದರು. ಈ ಅಲಗು ಆಗ ಬಂದದ್ದು ಎಂದು ಹೇಳಲು ಯಾವ ಪುರಾವೆಯೂ ಇಲ್ಲ, ಹಾಗೆ ಹೇಳಬಾರದು ಕೂಡ. ಹೇಳಬಹುದಾದದ್ದು: ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಅಲಗನ್ನು ನಮ್ಮ ನಾಡಿನ ಕಮ್ಮಾರನೊಬ್ಬ ನಮ್ಮ ಕೈಗೆ ಒಗ್ಗಿಸಿದ. ಅಜ್ಜಿಗೆ ಬೇಸರವಾದೀತೆಂದು ಅಳುಕುತ್ತಲೇ ಹೇಳಿದೆ. ಅವರು ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಹಾಗಾದ್ರೆ ಇದಕ್ಕೆ ಎರಡು ತವರು’ ಅಂದರು.

ಇಂಥ ಅಲಗು ಸಿಕ್ಕರೆ ವುಟ್ಜ್ ಉಕ್ಕಿನ, ಅಂದರೆ ನಮ್ಮ ಹಳೆಯ ಮೂಸೆ ಉಕ್ಕಿನ, ನೀರಲೆಯಂಥ ಗೆರೆ ಕಾಣುತ್ತದೋ ಎಂದು ಆಮ್ಲ ಹಾಕಬೇಡಿ. ಆ ವಿದ್ಯೆ ನಮ್ಮದು, ಬರ್ಮಿಂಗ್‌ಹ್ಯಾಮಿನ ಸಿಪಾಯಿ ಅಲಗಿನಲ್ಲಿ ಅದು ಇರುವುದಿಲ್ಲ. ಹಿಡಿ ಕಿತ್ತು ‘ಮೂಲ ರೂಪಕ್ಕೆ’ ತರುವ ಯೋಚನೆಯನ್ನೂ ಬಿಡಿ, ಈಗಿರುವುದೇ ಅದರ ನಿಜವಾದ ರೂಪ.

ಹೆಜ್ಜೆ 9: ಕಥೆ ಮತ್ತು ಬೆಲೆ

ಕಥೆಗೆ ಬೆಲೆಯಿದೆ, ಆದರೆ ಅದು ಕತ್ತಿಯ ಮೇಲಿನ ಗುರುತಿಗೋ ಕಾಗದಕ್ಕೋ ಗಂಟು ಬಿದ್ದಿರಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಜೋಧಪುರ ಲಾನ್ಸರ್ಸ್ ಜೊತೆ ನಮ್ಮ ಮೈಸೂರು ಲಾನ್ಸರ್ಸ್ ನಡೆಸಿದ ದಾಳಿ ಯಾವ ಕನ್ನಡಿಗನ ಎದೆಯನ್ನೂ ಉಬ್ಬಿಸುತ್ತದೆ. ಆ ಹೆಮ್ಮೆಯನ್ನೇ ಬಂಡವಾಳ ಮಾಡಿಕೊಂಡು ಯಾರಾದರೂ ‘ಇದು ಹೈಫಾಕ್ಕೆ ಹೋಗಿ ಬಂದ ಕತ್ತಿ’ ಎಂದರೆ, ದಳದ ಗುರುತು ಎಲ್ಲಿದೆ, ಸೈನಿಕನ ಸೇವಾ ದಾಖಲೆ ಎಲ್ಲಿದೆ ಎಂದು ಕೇಳಿ. ಮನೆತನದ ಹಳೆಯ ಫೋಟೋ, ಪದಕ, ಪಿಂಚಣಿ ಕಾಗದ ಇದ್ದರೆ ಕತ್ತಿಯಿಂದ ಬೇರ್ಪಡಿಸಬೇಡಿ. ಒಂದೇ ಪೆಟ್ಟಿಗೆಯಲ್ಲಿಡಿ.

ಬೆಲೆಯ ಬಗ್ಗೆ ನಾನು ಅಂಕಿ ಹೇಳುವುದಿಲ್ಲ, ಹರಾಜಿನಿಂದ ಹರಾಜಿಗೆ ಅದು ಬದಲಾಗುತ್ತದೆ. ಹೆಚ್ಚಿಸುವ ಸಂಗತಿಗಳು ಮಾತ್ರ ಬದಲಾಗುವುದಿಲ್ಲ: ಹೆಸರು ಗೊತ್ತಿರುವ ಅಧಿಕಾರಿ, ಹೊಂದುವ ಅಂಕಿಯ ಒರೆ, ಮುಟ್ಟದ ಅಲಗು, ಉಳಿದ ನೀಲಿ ಬಣ್ಣ. ತಗ್ಗಿಸುವುದರಲ್ಲಿ ಮೊದಲನೆಯದು ಪಾಲಿಶ್. 1908ರ ಸಿಪಾಯಿ ಕತ್ತಿ ಸಾಕಷ್ಟು ಸಿಗುತ್ತದೆ, ಅವಸರ ಬೇಡ. ಕೊಳ್ಳುವ ಮುನ್ನ ಮೈಸೂರು ಅರಮನೆಯ ಆಯುಧಶಾಲೆ, ಹೊರದೇಶದಲ್ಲಿದ್ದರೆ ಲೀಡ್ಸಿನ ರಾಯಲ್ ಆರ್ಮರೀಸ್ ಅಥವಾ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ನೋಡಿ ಬನ್ನಿ. ಅಸಲಿಯನ್ನು ಹತ್ತಾರು ಬಾರಿ ನೋಡಿದ ಕಣ್ಣಿಗೆ ನಕಲಿ ಬೇಗ ಸಿಕ್ಕಿಬೀಳುತ್ತದೆ.

ಹೆಜ್ಜೆ 10: ಕಾನೂನು

ಭಾರತದಲ್ಲಿ ಎರಡು ಕಾಯ್ದೆ ನೆನಪಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತು. ಅದನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ರಜೆಗೆ ಬಂದು ಅಜ್ಜನ ಕತ್ತಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಯೋಚನೆ ಬೇಡವೇ ಬೇಡ. ಇನ್ನೊಂದು 1959ರ ಆಯುಧ ಕಾಯ್ದೆ. 2016ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿಗಳು ಆಯುಧದ ಪಟ್ಟಿಯಲ್ಲಿವೆ. ಪರವಾನಗಿ ಬೇಕೇ ಎಂಬುದು ನಿಮ್ಮ ಪ್ರದೇಶದ ಅಧಿಸೂಚನೆಯ ಮೇಲೆ ನಿಲ್ಲುತ್ತದೆ, ಜಿಲ್ಲಾಧಿಕಾರಿ ಕಚೇರಿಯಲ್ಲೋ ಠಾಣೆಯಲ್ಲೋ ಕೇಳಿ ತಿಳಿಯಿರಿ.

ಹೆಜ್ಜೆ 11: ಪಾಲನೆ

ಅಲಗಿನ ಮೇಲಿನ ಧೂಳನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ. ಸಡಿಲ ಕಿತ್ತಳೆ ತುಕ್ಕಿದ್ದರೆ ತೆಳು ಯಂತ್ರದೆಣ್ಣೆ ಸವರಿ ಒಂದು ದಿನ ಬಿಟ್ಟು ಒರೆಸಿ, ಅಷ್ಟೇ. ಕಂದುಗಪ್ಪಿನ ಹಳೆಯ ಪದರ ಇರಲಿ, ಅದು ಉಕ್ಕನ್ನು ಕಾಯುತ್ತದೆ. ಆಮೇಲೆ ಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ತೆಳುವಾಗಿ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಅದು ಕಮಟಾಗಿ ಅಂಟುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು ಬೇಡ. ಚರ್ಮದ ಒರೆಯಲ್ಲಿ ಅಲಗನ್ನು ವರ್ಷಗಟ್ಟಲೆ ಬಿಡಬೇಡಿ, ಚರ್ಮ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಮಲೆನಾಡಿನ ಅಥವಾ ಕರಾವಳಿಯ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ.

ಆಯುಧಪೂಜೆಯ ಮಾತನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ನಮ್ಮಲ್ಲಿ ಕತ್ತಿಯ ಮೊನೆಗೆ ನಿಂಬೆಹಣ್ಣು ಚುಚ್ಚುತ್ತೇವೆ, ನೀರಲ್ಲಿ ಕಲಸಿದ ಅರಿಸಿನ ಕುಂಕುಮ ಹಚ್ಚುತ್ತೇವೆ, ಮೂರು ದಿನ ಹಾಗೇ ಬಿಡುತ್ತೇವೆ. ನಿಂಬೆಯ ಆಮ್ಲ ಉಕ್ಕನ್ನು ಒಂದೇ ರಾತ್ರಿಯಲ್ಲಿ ಕಪ್ಪಾಗಿಸಿ ತಿನ್ನಲು ಶುರುಮಾಡುತ್ತದೆ. ಆ ಅಜ್ಜಿಯ ಮನೆಯ ಅಲಗಿನ ಮೊನೆಯಲ್ಲಿ, ಎರಡು ಬೆರಳಗಲ, ವರ್ಷ ವರ್ಷವೂ ಹಣ್ಣು ಕೂತ ಜಾಗ ಬಟ್ಟಲಿನಂತೆ ತಗ್ಗಾಗಿತ್ತು. ಪೂಜೆ ನಿಲ್ಲಿಸಿ ಎಂದು ನಾನು ಹೇಳಲಿಲ್ಲ, ಹೇಳುವವನೂ ಅಲ್ಲ. ಅಲಗಿಗೆ ಮೇಣ ಹಚ್ಚಿ, ಕೆಳಗೆ ಒಣ ರೇಷ್ಮೆ ವಸ್ತ್ರ ಹಾಸಿ, ಕುಂಕುಮವನ್ನು ಒರೆಗೆ ಇಡಿ ಎಂದೆ. ಆ ವರ್ಷದ ನವಮಿಯ ದಿನ ಮೊಮ್ಮಗಳು ಫೋಟೋ ಕಳಿಸಿದಳು. ಕತ್ತಿ ರೇಷ್ಮೆಯ ಮೇಲೆ ಮಲಗಿದೆ, ಅದರ ಪಕ್ಕ ತಾಮ್ರದ ತಟ್ಟೆಯಲ್ಲಿ ಎರಡು ನಿಂಬೆಹಣ್ಣು.